ನೆಟ್‌ಬಾಲ್ ಪರವಾಗಿ ಮಾತಾಡಬೇಕಾಗಿದ್ದವಳು

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಆಟೋಟಕ್ಕೆಂದು ತೆಗೆದಿಟ್ಟ ದುಡ್ಡು ಹೋದ ವರ್ಷ ಅರ್ಧ ದಾರಿಯಲ್ಲೇ ಖಾಲಿಯಾಯಿತು. ಹೊಸ ವಿದ್ಯಾರ್ಥಿಗಳು ಕಡಿಮೆ ಸೇರಿದ್ದರು, ಬಸ್ಸಿನ ಬಾಡಿಗೆ ಏರಿತ್ತು, ಬ್ಯಾಡ್ಮಿಂಟನ್ ಶಟಲ್‌ಗಳ ಬೆಲೆ ಕೇಳಿದರೆ ಅದಕ್ಕೆ ಗರಿ ಕೊಡುವ ಬಾತುಕೋಳಿಗಳೇ ಮುಷ್ಕರ ಹೂಡಿವೆಯೇನೋ ಅನ್ನಿಸುತ್ತಿತ್ತು. ಇರುವ ಆರು ಆಟಗಳಲ್ಲಿ ಎರಡನ್ನು ನಿಲ್ಲಿಸಬೇಕು, ಯಾವ ಎರಡು ಅಂತ ನಾಲ್ಕು ಜನ ಕೂತು ತೀರ್ಮಾನ ಮಾಡಿ ಅಂತ ಮೇಲಿನವರು ಹೇಳಿದರು. ಆ ನಾಲ್ವರಲ್ಲಿ ನಾನೂ ಒಬ್ಬಳು. ಕತ್ತರಿ ಆಡಿಸುವ ಕಡೆ ಅಕೌಂಟ್ಸ್‌ನವರನ್ನು ಕರೆಯದೆ ಇನ್ನೆಲ್ಲಿ ಕರೆಯುತ್ತಾರೆ?

ಮಲೇಷ್ಯಾಕ್ಕೆ ನಾನು ಬಂದದ್ದು ಗಂಡನ ಕೆಲಸದ ಬೆನ್ನು ಹಿಡಿದು. ಅವರು ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಿಲ್ಲ. ವಾಪಸ್ ಬಂದುಬಿಡು ಅಂತ ಮೈಸೂರಿನ ಅಕ್ಕ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಬಂದು ಏನು ಮಾಡಲಿ? ಇಲ್ಲಿಯಾದರೆ ಬೆಳಿಗ್ಗೆ ಎದ್ದು ಹೋಗಿ ಕೂರುವುದಕ್ಕೆ ಒಂದು ಕುರ್ಚಿಯಾದರೂ ಇದೆ.

ಪುತ್ರಜಯಾದ ಪಕ್ಕದಲ್ಲಿರುವ ನಮ್ಮ ಕಡೆ ರಸ್ತೆಗಳು ಅಗಲ, ನಡೆಯುವವರು ಇಲ್ಲ. ಎಲ್ಲರೂ ಕಾರಿನೊಳಗೆ. ಬೆಳಿಗ್ಗೆ ಲಿಫ್ಟಿನಲ್ಲಿ ಸಿಗುವ ಪಕ್ಕದ ಮನೆಯವರು ತಲೆಯಾಡಿಸುತ್ತಾರೆ, ಸಂಜೆ ಸಿಕ್ಕಾಗಲೂ ತಲೆಯಾಡಿಸುತ್ತಾರೆ, ಅಲ್ಲಿಗೆ ಆ ದಿನದ ನೆರೆಹೊರೆ ಮುಗಿಯಿತು. ನಮ್ಮ ಕಡೆಯವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಿಂದ ತಂದ ಕೊತ್ತಂಬರಿ ಕಟ್ಟು ಒಬ್ಬಳಿಗೆ ಖರ್ಚಾಗುವುದಿಲ್ಲ, ಅರ್ಧ ಕೊಳೆಯುತ್ತದೆ. ಮನೆ ಹತ್ತಿರದ ಮಾಮಾಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನವನು ನನ್ನನ್ನು ಕಂಡ ಕೂಡಲೇ "ತಪಾವ್ ಒಂದೇನಾ?" ಅಂತ ಕೇಳುತ್ತಾನೆ. ಕಟ್ಟಿಕೊಡಬೇಕಾದದ್ದು ಒಂದೇ ಪೊಟ್ಟಣವಾ ಅಂತ ಅವನ ಪ್ರಶ್ನೆ, ಅದರಲ್ಲಿ ತಪ್ಪೇನಿಲ್ಲ. ಆದರೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಬೇಕೆಂದೇ ಎರಡು ಕಟ್ಟು ಅಂತ ಹೇಳಿ, ಎರಡನೆಯದನ್ನು ಮರುದಿನ ಬೆಳಿಗ್ಗೆ ಬಿಸಿ ಮಾಡಿ ತಿಂದದ್ದೂ ಇದೆ.

ನೆಟ್‌ಬಾಲ್ ನನ್ನ ಬಾಳಿಗೆ ಬಂದದ್ದು ಒಂದು ಸಹಿಯ ನೆಪದಲ್ಲಿ. ಅಂಗಳದ ಬಾಡಿಗೆಗೆ ನನ್ನ ಸಹಿ ಬೇಕಾಗಿ ಹುಡುಗಿಯರ ತಂಡದ ನಾಯಕಿ ಆಫೀಸಿಗೆ ಬಂದಿದ್ದಳು. ಮಲಯ್ ಹುಡುಗಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಎತ್ತರದ ಆಳು. ಸಹಿ ಹಾಕಿಸಿಕೊಂಡ ಮೇಲೂ ಹೋಗದೆ ನಿಂತಳು. ಪಂದ್ಯಕ್ಕೆ ಹೋಗುವಾಗ ಪ್ರತಿ ತಂಡವೂ ಸ್ಕೋರ್ ಬರೆಯುವವರೊಬ್ಬರನ್ನು ತನ್ನ ಕಡೆಯಿಂದ ಕರೆದುಕೊಂಡು ಹೋಗಬೇಕಂತೆ, ಇಲ್ಲವಾದರೆ ಅಂಕ ಕಳೆಯುತ್ತಾರಂತೆ. ಇವರ ಕಡೆ ಬರೆಯುತ್ತಿದ್ದ ಹುಡುಗಿ ಟ್ರೈನಿಂಗಿಗೆಂದು ಜೊಹೊರ್‌ಗೆ ಹೋಗಿದ್ದಳು.

"ಆಂಟಿ, ಲೆಕ್ಕ ಬರೆಯೋದೇ ನಿಮ್ಮ ಕೆಲಸ ಅಲ್ವಾ?" ಅಂದಳು.

ಇಲ್ಲಿ ನಮ್ಮ ಮಾತೆಲ್ಲ ಇಂಗ್ಲಿಷು, ಮಲಯ್, ಒಂದಿಷ್ಟು ತಮಿಳು ಕಲಸಿದ ಚಿತ್ರಾನ್ನ. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡವಾಗಿಯೇ ಉಳಿದುಕೊಳ್ಳುತ್ತದೆ.

ಒಂದು ಶನಿವಾರಕ್ಕೆ ಅಂತ ಹೋದವಳು ಎರಡು ವರ್ಷ ಹೋದೆ. ಓದುವವರಲ್ಲಿ ಈ ಆಟ ನೋಡದವರಿಗೆ ಹೇಳುತ್ತೇನೆ: ತಂಡಕ್ಕೆ ಏಳು ಜನ, ಚೆಂಡನ್ನು ನೆಲಕ್ಕೆ ಕುಟ್ಟಿಕೊಂಡು ಓಡುವಂತಿಲ್ಲ, ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತ ನಿಲ್ಲುವಂತೆಯೂ ಇಲ್ಲ, ಸಿಕ್ಕ ತಕ್ಷಣ ಇನ್ನೊಬ್ಬರಿಗೆ ದಾಟಿಸಬೇಕು, ಎತ್ತರದ ಕಂಬದ ಮೇಲಿನ ಬಳೆಯೊಳಗೆ ಹಾಕಿದರೆ ಗೋಲು. ಪ್ರತಿ ಗೋಲಿನ ನಂತರ ಆಟ ನಡುವಿನಿಂದ ಮತ್ತೆ ಶುರುವಾಗುತ್ತದೆ, ಒಮ್ಮೆ ಇವರ ಪಾಳಿ, ಒಮ್ಮೆ ಅವರ ಪಾಳಿ. ಪಾಳಿ ಯಾರದು ಅಂತ ಅಂಪೈರ್‌ಗೆ ಅನುಮಾನ ಬಂದರೆ ಮೇಜಿನ ಕಡೆ ತಿರುಗುತ್ತಾಳೆ. ಆಗ ನಾನು ಕೈಯೆತ್ತಿ ತೋರಿಸಬೇಕು. ಅಷ್ಟು ಜನ ಆಟ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. ಗಂಡ ಹೋದ ಮೇಲೆ ನನ್ನನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ.

ಪಂದ್ಯ ಮುಗಿದ ಮೇಲೆ ಎಲ್ಲರೂ ಮಾಮಾಕ್‌ಗೆ. ಮೇಜುಗಳನ್ನು ಕೂಡಿಸಿ, ಕುರ್ಚಿ ಎಳೆದು, ಬೆವರಿನ ಅಂಗಿಯಲ್ಲೇ ಕೂತು ರೊಟ್ಟಿ ಚನಾಯ್ ಹರಿಯುತ್ತಿದ್ದರು. "ಆಂಟಿ ಮಕಾನ್, ತಿನ್ನಿ ಆಂಟಿ" ಅಂತ ನನ್ನ ತಟ್ಟೆಗೆ ತಳ್ಳುತ್ತಿದ್ದರು. ಅವರಲ್ಲಿ ಒಬ್ಬಳು ಇಪೋದ ತಮಿಳು ಹುಡುಗಿ. ನಾನು ಸಸ್ಯಾಹಾರಿಯೆಂದು ಸಾಂಬಾರಿನ ಬಟ್ಟಲನ್ನು ಯಾರೂ ಮುಟ್ಟದ ಹಾಗೆ ನನ್ನ ಕಡೆ ಎಳೆದಿಟ್ಟು ಕಾವಲು ಕೂರುತ್ತಿದ್ದಳು. ನನ್ನ ಇಡೀ ವಾರ ಆ ಒಂದು ಮೇಜಿಗೆ ನೇತುಬಿದ್ದಿತ್ತು. ನೆಟ್‌ಬಾಲ್ ನಿಂತರೆ ನನಗೆ ಜನವೇ ಇರುವುದಿಲ್ಲ ಅಂತ ಸಮಿತಿಗೆ ಹೆಸರು ಸೇರಿಸಿದ ದಿನವೇ ನನಗೆ ಗೊತ್ತಿತ್ತು.

ಗೊತ್ತಿದ್ದೂ ನಾನು ಮಾಡಿದ್ದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಮನೆಯ ಊಟದ ಪಂಕ್ತಿಯ ಕಥೆ ಹೇಳಬೇಕು. ಬಡಿಸುವಾಗ ಪಂಕ್ತಿಭೇದ ಮಾಡಬಾರದು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಹಾಕಬಾರದು ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಮ್ಮಮ್ಮ ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಹೋಳಿಗೆ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬರುವಾಗ ಸ್ವಂತ ಮಕ್ಕಳ ಎಲೆ ಬಂದರೆ ಅರ್ಧ ಹೋಳಿಗೆ ಹಾಕಿ ಮುಂದೆ ಹೋಗುತ್ತಿದ್ದಳು. ಕಡಿಮೆ ಬೀಳಬಹುದು ಅನ್ನಿಸಿದರೆ ಅದೂ ಇಲ್ಲ. ಅಕ್ಕನ ನಿಶ್ಚಿತಾರ್ಥದ ದಿನ ನನ್ನ ಎಲೆಯನ್ನು ದಾಟಿಯೇ ಹೋದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಮಗೂಗೆ ಹಾಕ್ಲಿಲ್ವಲ್ರೀ" ಅಂದರೆ, "ಅವ್ಳು ಮನೆಯವ್ಳೇ, ಬಿಡಿ" ಅಂದಳು. ನನಗೆ ಬೇಜಾರಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಕೊನೆಗೆ ಹಾಕಿದರೂ ಮುಖ ಊದಿಸಿಕೊಳ್ಳದವರು ಯಾರೋ ಅವರೇ ನಮ್ಮವರು, ಅದು ನಾನು ಕಲಿತ ಪಾಠ.

ಹಾಗೆ ಬೆಳೆದವಳನ್ನು ತಂದು ಯಾವ ಆಟ ಉಳಿಯಬೇಕು ಅಂತ ಕೇಳಿದರು.

ಈ ದೇಶದಲ್ಲಿ ಮೀಟಿಂಗ್ ಅನ್ನುವುದು ಮೀಟಿಂಗಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಮುಂಚೆ ಟೀ ಕುಡಿಯುವಾಗ ನಡೆದುಹೋಗಿರುತ್ತದೆ. ವಿದ್ಯಾರ್ಥಿ ವಿಭಾಗದ ಮುಖ್ಯಸ್ಥರು, ಹಾಸ್ಟೆಲಿನ ವಾರ್ಡನ್ ಆಗಿದ್ದ ಚೀನೀ ಹೆಂಗಸು, ಕ್ರೀಡಾಧಿಕಾರಿ ಮತ್ತು ನಾನು, ನಾಲ್ವರೂ ಕ್ಯಾಂಟೀನಿನಲ್ಲಿ ಟೀ ಹಿಡಿದು ಕೂತೆವು. ಮುಖ್ಯಸ್ಥರಿಗೆ ಫುಟ್ಸಾಲ್, ಅಂದರೆ ಐದೈದು ಜನ ಆಡುವ ಚಿಕ್ಕ ಫುಟ್‌ಬಾಲ್, ಪ್ರಾಣ. ವಾರ್ಡನ್ ಹಾಸ್ಟೆಲ್ ಮಕ್ಕಳೆಲ್ಲ ಬ್ಯಾಡ್ಮಿಂಟನ್ ಆಡುತ್ತಾರೆ ಅಂದರು, ಆಡದಿದ್ದರೆ ಏನೇನು ಮಾಡುತ್ತಾರೆ ಅಂತಲೂ ಹೇಳಿದರು. ಕ್ರೀಡಾಧಿಕಾರಿ ತಮಿಳರು, ಹರೆಯದಲ್ಲಿ ಹಾಕಿ ಆಡಿದವರು, ಮೊಣಕಾಲು ಇವತ್ತಿಗೂ ಅದಕ್ಕೆ ಸಾಕ್ಷಿ. ಬೆತ್ತದ ಚೆಂಡನ್ನು ಕಾಲಲ್ಲಿ ಒದೆಯುವ ತಕ್ರಾ ಈ ನಾಡಿನದೇ ಆಟ, ಖರ್ಚೂ ಇಲ್ಲ, ಅದನ್ನು ಯಾರೂ ಮುಟ್ಟುವುದಿಲ್ಲ. ಬಿಲ್ಲುಗಾರಿಕೆಗೆ ಯಾರೂ ದಿಕ್ಕಿರಲಿಲ್ಲ. ಉಳಿದದ್ದು ನೆಟ್‌ಬಾಲ್. ಮೂವರೂ ನನ್ನ ಕಡೆ ನೋಡಿ ನಕ್ಕರು. ಇವಳ ಪಾಳಿ ನಾಳೆ ಅಂತ ಆ ನಗುವಿನ ಅರ್ಥ. ನನಗೆ ಅದು ಹೊಳೆಯಲಿಲ್ಲ. ನಿನ್ನ ಗುಟ್ಟು ನಮಗೆ ಗೊತ್ತು, ಹುಷಾರು ಅನ್ನುವ ನಗು ಅಂದುಕೊಂಡೆ.

ಮರುದಿನ ಮೀಟಿಂಗಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಆಟದ ಪರ ನಾಚಿಕೆಯಿಲ್ಲದೆ ವಕಾಲತ್ತು ಮಾಡಿದರು. ಮುಖ್ಯಸ್ಥರಂತೂ ಫುಟ್ಸಾಲ್ ಹುಡುಗರ ಬಗ್ಗೆ ಮಾತಾಡುತ್ತ ಗದ್ಗದಿತರಾದರು. ನನಗೆ ಮೈಯೆಲ್ಲ ಉರಿಯಿತು. ಸೌಟು ಕೈಯಲ್ಲಿ ಹಿಡಿದವರೇ ತಮ್ಮ ಎಲೆಗೆ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ನನ್ನ ಸರದಿ ಬಂದಾಗ ನೆಟ್‌ಬಾಲನ್ನು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ತೂಗಿದೆ. ಅಂಗಳ ಬಾಡಿಗೆಯದು, ಬಸ್ಸು ಬಾಡಿಗೆಯದು, ಅರ್ಧಕ್ಕರ್ಧ ಹುಡುಗಿಯರು ಕೊನೆಯ ವರ್ಷದವರು, ಹೊಸಬರು ಸೇರುತ್ತಿಲ್ಲ. ಅದೇ ಮಾತು ಹಾಕಿಗೂ ಸಲ್ಲುತ್ತಿತ್ತು. ಹಾಕಿಯ ವಿಷಯದಲ್ಲಿ ಮೆತ್ತಗೆ ಹೇಳಿದ್ದನ್ನೇ ನೆಟ್‌ಬಾಲ್ ವಿಷಯದಲ್ಲಿ ಗಟ್ಟಿಯಾಗಿ ಹೇಳಿದೆ. "ಇದಕ್ಕೆ ವಿಶೇಷ ರಿಯಾಯಿತಿ ಕೊಡೋಕೆ ನನಗೆ ಕಾರಣ ಕಾಣಲ್ಲ" ಅಂತ ಮುಗಿಸಿದೆ.

ವಾರ್ಡನ್ ಮುಖ್ಯಸ್ಥರ ಮುಖ ನೋಡಿದರು.

"ಪುವಾನ್, ನಿಜವಾಗ್ಲೂ?" ಅಂದರು ಮುಖ್ಯಸ್ಥರು. ಇಲ್ಲಿ ಮದುವೆಯಾದ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ನಿಜವಾಗ್ಲೂ" ಅಂದೆ. ಮುಂದಿನ ವರ್ಷದಿಂದ ಬಿಲ್ಲುಗಾರಿಕೆ ಮತ್ತು ನೆಟ್‌ಬಾಲ್ ಇಲ್ಲ ಅಂತ ತೀರ್ಮಾನವಾಯಿತು.

ಹೊರಗೆ ಬಂದಾಗ ಕ್ರೀಡಾಧಿಕಾರಿ ಕುಂಟುತ್ತ ಹಿಂದೆಯೇ ಬಂದರು. "ಏನಕ್ಕಾ ಇದು?" ಅಂದರು. "ನೀವು ಒಂದು ಮಾತು ಹೇಳ್ತೀರಿ ಅಂತ ನಾವೆಲ್ಲ ಕಾಯ್ತಾ ಇದ್ವಿ. ಹಾಕಿ ಬಸ್ಸಲ್ಲೇ ನಿಮ್ಮ ಹುಡುಗೀರನ್ನೂ ಕೂರಿಸ್ಕೊಂಡು ಹೋಗೋದು ಅಂತ ನಾನು ಬಾಸ್ ಹತ್ರ ಮಾತಾಡಿಟ್ಟಿದ್ದೆ. ತಕ್ರಾನ ಫುಟ್ಸಾಲ್ ಜೊತೆ ಸೇರಿಸಿ ಒಂದೇ ಲೆಕ್ಕ ಮಾಡೋದು, ಬಿಲ್ಲುಗಾರಿಕೆ ಒಂದನ್ನ ಬಿಡೋದು, ಲೆಕ್ಕದಲ್ಲಿ ಎರಡು ಕಮ್ಮಿ ಆಗ್ತಿತ್ತು, ಅಷ್ಟೇ ಇದ್ದದ್ದು."

"ಮತ್ತೆ ನೀವೇ ಹೇಳಬಹುದಿತ್ತಲ್ಲ?"

"ಅದು ನಿಮ್ಮ ತಂಡ ಅಲ್ವಾ ಅಕ್ಕಾ? ನೀವೇ ಬೇಡ ಅಂದ ಮೇಲೆ ನಾವು ಹೇಗೆ ಬೇಕು ಅನ್ನೋದು?"

ಸಂಜೆ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದರು, ಸಣ್ಣ ದನಿಯಲ್ಲಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ಶನಿವಾರ ಶನಿವಾರ ಓಡಾಡಿ ನನಗೆ ಸುಸ್ತಾಗಿದ್ದರೆ ಮೊದಲೇ ಹೇಳಬಹುದಿತ್ತಂತೆ, ಸ್ಕೋರ್ ಬರೆಯುವುದಕ್ಕೆ ಬೇರೆ ಯಾರನ್ನಾದರೂ ಹುಡುಕುತ್ತಿದ್ದರಂತೆ. ಒಳ್ಳೆಯ ಮನುಷ್ಯ. ನನ್ನ ಇಡೀ ನ್ಯಾಯಸೂಕ್ಷ್ಮತೆಯನ್ನು ಅವರು ಕಾಲುನೋವು ಅಂದುಕೊಂಡಿದ್ದರು. ಥ್ಯಾಂಕ್ಸ್ ಅಂದು ಲೆಕ್ಕದ ಹಾಳೆಯ ಕಡೆ ತಿರುಗಿದೆ. ನಿಜ ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಆಗ ಕಾಲುನೋವು ಖಾತ್ರಿಯಾಗುತ್ತಿತ್ತು.

ಮನೆಗೆ ಹೋದವಳೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಸರಿಯಾಗೇ ಮಾಡಿದೀಯ ಬಿಡೇ" ಅಂದಳು. "ನಮ್ಮೋರು ಅಂತ ಒತ್ತಿ ಮಾತಾಡಿದ್ರೆ ನಾಳೆ ಯಾರಾದ್ರೂ ಆಡ್ಕೊಳ್ತಿದ್ರು. ಅಮ್ಮ ಇದ್ದಿದ್ರೆ ಅವಳೂ ಇದನ್ನೇ ಮಾಡ್ತಿದ್ದಳು." ನನ್ನನ್ನು ಅರ್ಥ ಮಾಡಿಕೊಳ್ಳುವವರು ಇಡೀ ಭೂಮಿಯ ಮೇಲೆ ಇವಳೊಬ್ಬಳೇ ಉಳಿದಳಲ್ಲ ಅನ್ನಿಸಿತು, ಅವಳೂ ಮೈಸೂರಿನಲ್ಲಿ. ಆದರೂ ಆ ಮಾತು ಹಿಡಿದುಕೊಂಡು ಎರಡು ದಿನ ಸಮಾಧಾನವಾಗಿದ್ದೆ.

ಹುಡುಗಿಯರಿಗೆ ಸುದ್ದಿಯನ್ನು ಮುಖ್ಯಸ್ಥರೇ ಹೇಳಿದರು. ಆ ಶನಿವಾರವೂ ಪಂದ್ಯವಿತ್ತು. ನಾನು ಹೋದೆ, ಬರೆದೆ, ಕೈಯೆತ್ತಿ ತೋರಿಸಿದೆ. ಗೆದ್ದರು. ಮಾಮಾಕ್‌ನಲ್ಲಿ ಎಂದಿನಂತೆ ಮೇಜು ಕೂಡಿಸಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಟೀ ಬಂದ ಮೇಲೆ ನಾಯಕಿ ಕೇಳಿದಳು.

"ಆಂಟಿ, ಮೀಟಿಂಗಲ್ಲಿ ನಮ್ಮ ಪರವಾಗಿ ಯಾರು ಮಾತಾಡಿದ್ರು?"

ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. "ಯಾರೂ ಇಲ್ಲ" ಅಂದೆ. "ಮಾತಾಡಬೇಕಾಗಿದ್ದವಳು ನಾನು. ಮಾತಾಡಲಿಲ್ಲ."

ಆಮೇಲೆ ವಿವರಿಸಲು ಹೊರಟೆ. ಬಾಳೆಲೆ, ಪಂಕ್ತಿ, ಅಮ್ಮ, ಸೌಟು. ಹೋಳಿಗೆ ಅಂದರೆ ಏನು ಅಂತ ಹೇಳುವುದಕ್ಕೇ ಅರ್ಧ ಟೀ ತಣ್ಣಗಾಯಿತು. ಇಪೋದ ಹುಡುಗಿ ಮಾತ್ರ ಪೋಳಿ, ಪೋಳಿ ಅಂತ ಮಿಕ್ಕವರಿಗೆ ತಿಳಿಸುತ್ತಿದ್ದಳು. ನಮ್ಮಲ್ಲಿ ಬಹಳ ಹತ್ತಿರದವರಿಗೇ ಕೊನೆಗೆ ಬಡಿಸುವುದು, ಅದಕ್ಕೇ ನಾನು ಹಾಗೆ ಮಾಡಿದ್ದು, ನೀವು ನನಗೆ ಅಷ್ಟು ಹತ್ತಿರ ಅಂತ ಹೇಳಿದೆ. ಅದನ್ನು ಅವರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನಾಯಕಿ ಎಲ್ಲವನ್ನೂ ಕೇಳಿಸಿಕೊಂಡಳು. ತಮಾಷೆ ಮಾಡಲಿಲ್ಲ. ತುಂಬ ಮರ್ಯಾದಸ್ಥ ಹುಡುಗಿ.

"ಹಾಗಾದ್ರೆ ಮನೆ ಮಗು ಹಸ್ಕೊಂಡೇ ಇರುತ್ತಾ ಆಂಟಿ?"

"ಇಲ್ಲ, ಇಲ್ಲ. ಬಂದವರೆಲ್ಲ ಎದ್ದು ಹೋದ ಮೇಲೆ ಅಮ್ಮ ಅಡುಗೆಮನೆಗೆ ಕರೀತಾಳೆ. ನಮಗೆ ಅಂತ ಒಳಗೆ ಬೇರೆ ಎತ್ತಿಟ್ಟಿರ್ತಾಳೆ. ತುಪ್ಪ ಹಾಕಿ ಕೈಯಾರೆ ಕೊಡ್ತಾಳೆ, ಪಕ್ಕದಲ್ಲೇ ಕೂತು ತಾನೂ ತಿಂತಾಳೆ."

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ, "ನಮಗೆ ಅಂತ ಒಳಗೆ ಏನು ಎತ್ತಿಟ್ಟಿದೀರಿ ಆಂಟಿ?" ಅಂತ ಕೇಳಿದಳು.

ನನ್ನ ಹತ್ತಿರ ಏನೂ ಇರಲಿಲ್ಲ. ಅಮ್ಮನಿಂದ ಎಲೆ ದಾಟಿಕೊಂಡು ಹೋಗುವುದನ್ನು ಮಾತ್ರ ಕಲಿತಿದ್ದೆ. ಆಫೀಸಿನ ಪಂಕ್ತಿಗೆ ಒಳಗೊಂದು ಅಡುಗೆಮನೆ ಇಲ್ಲ ಅನ್ನುವುದು ನನಗೆ ಯಾಕೆ ಹೊಳೆಯಲಿಲ್ಲವೋ. ಸೋಮವಾರ ಮುಖ್ಯಸ್ಥರ ಹತ್ತಿರ ಹೋಗಿ, ಬಸ್ಸು ಹಂಚಿಕೊಳ್ಳುವ ಮಾತನ್ನು ಮತ್ತೆ ನೋಡಬಹುದಾ ಅಂತ ಕೇಳಿದೆ. ಅವರಿಗೆ ಪಾಪ ಅನ್ನಿಸಿತು. ಆದರೆ ತೀರ್ಮಾನ ಮೇಲೆ ಹೋಗಿ ಮೊಹರು ಬಿದ್ದಾಗಿತ್ತು, ಅದರಲ್ಲಿ ನನ್ನ ವಾದವನ್ನೇ ಮುಖ್ಯ ಕಾರಣವಾಗಿ ಬರೆದಿದ್ದರು.

ಅಭ್ಯಾಸಕ್ಕೆಂದು ಕಾಲೇಜಿನಲ್ಲಿ ನೆಟ್ಟಿದ್ದ ಗೋಲಿನ ಕಂಬಗಳನ್ನು ರಜೆಯಲ್ಲಿ ಕಿತ್ತರು. ಓದು ಉಳಿದಿದ್ದ ಹುಡುಗಿಯರು, ಮುಗಿಸಿದವರು, ಎಲ್ಲರೂ ಸೇರಿ ಪುಚೋಂಗ್ ಕಡೆಯ ಒಂದು ಕ್ಲಬ್ಬಿಗೆ ಹೋದರು. ಒಟ್ಟಿಗೇ ಇದ್ದಾರೆ ಅಂತ ಕೇಳಿ ಸಂತೋಷವಾಯಿತು. ಕ್ಲಬ್ಬಿಗೆ ಅದರದೇ ಸ್ಕೋರ್ ಬರೆಯುವವಳಿದ್ದಳು. "ಆಂಟಿ ಇನ್ನು ಶನಿವಾರ ರೆಸ್ಟ್ ಮಾಡಬಹುದು" ಅಂತ ನಾಯಕಿ ಮೆಸೇಜ್ ಕಳಿಸಿದಳು, ಜೊತೆಗೆ ಒಂದು ನಗುಮುಖ. ನಾನೂ ಒಂದು ನಗುಮುಖ ಕಳಿಸಿದೆ.

ರೆಸ್ಟ್ ಮಾಡಿದೆ. ಬಟ್ಟೆ ಒಗೆದೆ, ಫ್ರಿಜ್ ಒರೆಸಿದೆ, ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಬೇಡದ ಸಾಮಾನು ತಂದೆ. ಕಾಲೇಜಿನ ಫುಟ್ಸಾಲ್ ಪಂದ್ಯವೊಂದಕ್ಕೂ ಹೋಗಿ ನೋಡಿದೆ. ಅಲ್ಲಿ ಯಾರಿಗೂ ನನ್ನಿಂದ ಏನೂ ಆಗಬೇಕಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ತಡೆಯಲಾರದೆ ಗ್ರ್ಯಾಬ್ ಟ್ಯಾಕ್ಸಿ ಕರೆದು ಪುಚೋಂಗ್‌ನ ಅಂಗಳಕ್ಕೆ ಹೋದೆ. ಹುಡುಗಿಯರಿಗೆ ಹೇಳಿರಲಿಲ್ಲ. ಆಟ ಶುರುವಾಗಿತ್ತು. ಹೊಸ ಅಂಗಿ, ನೀಲಿ ಬಣ್ಣದ್ದು. ಏಳು ಜನರಲ್ಲಿ ಐವರು ನನ್ನ ಹಳೆಯ ಮುಖಗಳು. ನಾಯಕಿ ಮೊದಲಿನ ಹಾಗೇ ಗೋಲಿನ ಕೆಳಗೆ ಕೈ ಚಾಚಿ ನಿಂತಿದ್ದಳು.

ಮೆಟ್ಟಿಲಿನ ಮೇಲೆ ಖಾಲಿ ಜಾಗ ಕಂಡು ಕೂತೆ. ಪಕ್ಕದಲ್ಲಿದ್ದ ಚೀನೀ ಹೆಂಗಸು ಚೀಲ ಸರಿಸಿ, ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಅವರ ಮಗಳು ಕೆಂಪು ಅಂಗಿಯ ತಂಡದಲ್ಲಿ, ಜುಟ್ಟು ಕಟ್ಟಿದವಳು ಅಂತ ತೋರಿಸಿದರು.

"ನಿಮ್ಮ ಮಗಳು ಯಾರು?" ಅಂತ ಕೇಳಿದರು.

ಮಗಳಿಲ್ಲ, ಸುಮ್ಮನೆ ನೋಡುವುದಕ್ಕೆ ಬಂದೆ ಅನ್ನುವ ಮಾತು ಬಾಯಿಗೆ ಬಂದಿತ್ತು. ಅದನ್ನು ನುಂಗಿದೆ.

"ನೀಲಿ ಅಂಗಿಯವರು" ಅಂದೆ. "ಎಲ್ಲರೂ ನಮ್ಮವರೇ."

ಅವರು ನಕ್ಕರು, ಕೋಚ್ ಅಂದುಕೊಂಡರೋ ಏನೋ. ಆಮೇಲೆ ಅಂಗಳದ ಆಚೆ ಬದಿಗೆ ಕೈ ತೋರಿಸಿದರು. ಅಲ್ಲಿ ನೀಲಿ ತಂಡದ ಕಡೆಯ ಜನ ನೀರಿನ ಬಾಟಲಿ, ಟವೆಲ್ಲು, ಬಾಳೆಹಣ್ಣಿನ ಚಿಪ್ಪು ಇಟ್ಟುಕೊಂಡು ಸಾಲಾಗಿ ಕೂತು ಕೂಗುತ್ತಿದ್ದರು.

"ಮತ್ತೆ ನೀವು ನಮ್ಮ ಕಡೆ ಯಾಕೆ ಕೂತಿದೀರಿ?" ಅಂದರು.

ಬೇಕೆಂದು ಕೂತದ್ದಲ್ಲ. ಕಾಲು ತಾನಾಗಿಯೇ ಇತ್ತ ಬಂದಿತ್ತು. ಎದ್ದು ಆಚೆ ಹೋಗೋಣವೆಂದರೆ ಆಟ ನಡೆಯುತ್ತಿತ್ತು, ಅಂಗಳ ದಾಟುವಂತಿರಲಿಲ್ಲ. ಮುಗಿಯಲಿ ಅಂತ ಕಾದೆ. ಮುಗಿದ ಮೇಲೆ ನಾನು ಕೆಳಗಿಳಿಯುವಷ್ಟರಲ್ಲಿ ನಮ್ಮ ಹುಡುಗಿಯರೆಲ್ಲ ಗುಂಪಾಗಿ, ಎಲ್ಲಿ ತಿನ್ನುವುದು ಅಂತ ಜೋರಾಗಿ ಜಗಳವಾಡುತ್ತ, ಆಚೆಯ ಗೇಟಿನಿಂದ ಹೊರಟಿದ್ದರು.